ವಿಮಾನಕ್ಕೆ ತೀರ್ಥ

ಭಾಗಪ್ಪನ ಬಗ್ಗೆ ಬರೆಯುವ ಯೋಗ್ಯತೆ ನನಗಿಲ್ಲ. ಇದನ್ನು ವಿನಯಕ್ಕೆ ಹೇಳುತ್ತಿಲ್ಲ, ಓದಿ ಮುಗಿಸಿದರೆ ನಿಮಗೇ ಗೊತ್ತಾಗುತ್ತದೆ. ಆದರೆ ಆ ದಿನ ಅಲ್ಲಿದ್ದವರಲ್ಲಿ ನಾಲ್ಕು ಸಾಲು ಬರೆಯಬಲ್ಲವನು ನಾನೊಬ್ಬನೇ. ಉಳಿದವರು ಸಹಿ ಮಾಡಿದವರು, ಇಲ್ಲವೆ ಹೆಬ್ಬೆಟ್ಟು ಒತ್ತಿದವರು. ನನ್ನ ಹೆಸರು ಗುರಲಿಂಗಪ್ಪ. ಆಗ ವಿಜಾಪುರದ ಮಾಮಲೇದಾರ ಕಚೇರಿಯಲ್ಲಿ ಕಾರಕೂನನಾಗಿದ್ದೆ. ಸಾಹೇಬರು ಹೇಳಿದ್ದನ್ನು ಬರೆಯುವುದು, ಹೇಳದೇ ಇದ್ದದ್ದನ್ನು ಬಿಡುವುದು, ಇವೆರಡರಲ್ಲಿ ನನ್ನನ್ನು ಮೀರಿಸುವವರು ಆ ಕಚೇರಿಯಲ್ಲಿ ಯಾರೂ ಇರಲಿಲ್ಲ.

ಭಾಗಪ್ಪ ಹುಟ್ಟಿದ್ದು ಬಬಲೇಶ್ವರದ ಊರ ಹೊರಗಿನ ಕೇರಿಯಲ್ಲಿ. ಅವನಪ್ಪ ಶಾಂತಪ್ಪ ಊರಿನ ಓಲೆಕಾರ. ಯಾರಾದರೂ ಸತ್ತರೆ ಬೀಗರ ಊರಿಗೆ ಸುದ್ದಿ ಮುಟ್ಟಿಸಬೇಕು, ಸಾಹೇಬರು ಬಂದರೆ ಕುದುರೆಗೆ ಹುಲ್ಲು ಹಾಕಬೇಕು, ದನ ಸತ್ತರೆ ಎಳೆದುಕೊಂಡು ಹೋಗಬೇಕು. ಮಗನೂ ಇದನ್ನೇ ಮಾಡಿಕೊಂಡು ಸುಖವಾಗಿರಲಿ ಎಂಬುದು ಊರಿನ ಹಿರಿಯರ ಆಸೆಯಾಗಿತ್ತು. ಪರರ ಮಕ್ಕಳ ಭವಿಷ್ಯದ ವಿಷಯದಲ್ಲಿ ನಮ್ಮ ಹಿರಿಯರಿಗೆ ಯಾವಾಗಲೂ ದೂರದೃಷ್ಟಿ.

ನಲವತ್ತೆರಡನೇ ಇಸವಿಯಲ್ಲಿ ಸೈನ್ಯಕ್ಕೆ ಜನ ಸೇರಿಸಿಕೊಳ್ಳುವವರು ವಿಜಾಪುರಕ್ಕೆ ಬಂದಾಗ ಭಾಗಪ್ಪ ಯಾರಿಗೂ ಹೇಳದೆ ಹೋಗಿ ಸಾಲಿನಲ್ಲಿ ನಿಂತ. ಅವರು ಎತ್ತರ ಅಳೆದರು, ಎದೆ ಅಳೆದರು, ಹಲ್ಲು ನೋಡಿದರು. ಜಾತಿಯನ್ನೂ ಕೇಳಿ ಬರೆದುಕೊಂಡರು, ಆದರೆ ಕೇಳಿದ ಮೇಲೆ ಯಾರೂ ಹಿಂದೆ ಸರಿಯಲಿಲ್ಲ. ಯುದ್ಧ ಸೋಲುತ್ತಿದ್ದವರಿಗೆ ಅಷ್ಟು ಪುರಸೊತ್ತು ಎಲ್ಲಿಯದು?

ಅವನನ್ನು ಆಸಾಮಿನ ಕಡೆ ಒಂದು ವಿಮಾನ ಠಾಣೆಗೆ ಹಾಕಿದರು. ಮೊದಲು ಪೆಟ್ರೋಲು ಡಬ್ಬಿ ಹೊರುವ ಕೆಲಸ. ಒಂದು ವರ್ಷದಲ್ಲಿ ಹೊರುವವನು ಸುರಿಯುವವನಾದ, ಮೂರು ವರ್ಷದಲ್ಲಿ ಸುರಿಯುವವನು ಫಿಟ್ಟರನ ಕೈಯಾಳಾದ. ಅಲ್ಲಿ ಅವನಿಗೆ ಒಬ್ಬ ಬಿಳಿಯ ಹವಾಲ್ದಾರ ಒಂದು ಪಾಠ ಕಲಿಸಿದ್ದ. ವಿಮಾನ ಹಾರುವ ಮುನ್ನ ಇಂಜಿನ್ನಿನ ಬುಡದಲ್ಲಿರುವ ಸಣ್ಣ ನಳ ತಿರುವಿ ಒಂದು ಗಾಜಿನ ಲೋಟದಲ್ಲಿ ಪೆಟ್ರೋಲು ಹಿಡಿಯಬೇಕು, ಹಿಡಿದು ಬೆಳಕಿಗೆ ಎತ್ತಿ ನೋಡಬೇಕು. ನೀರು ಪೆಟ್ರೋಲಿನೊಡನೆ ಕೂಡುವುದಿಲ್ಲ, ತಳಕ್ಕೆ ಇಳಿಯುತ್ತದೆ. ತಳದಲ್ಲಿ ಹನಿ ಕಂಡರೆ ಅದು ಹೋಗುವವರೆಗೆ ಬಸಿಯಬೇಕು. ಬಸಿಯದಿದ್ದರೂ ವಿಮಾನ ಏಳುತ್ತದೆ. ಕೊಳವೆಯಲ್ಲಿದ್ದಷ್ಟು ಪೆಟ್ರೋಲು ಉರಿದು ಮುಗಿಯುವವರೆಗೆ ಚೆನ್ನಾಗಿಯೇ ಏಳುತ್ತದೆ. ಆಮೇಲೆ ನೀರು ಬಂದು ಇಂಜಿನ್ನು ಕೆಮ್ಮುತ್ತದೆ. ಅಷ್ಟರಲ್ಲಿ ವಿಮಾನ, ಹಿಂದಕ್ಕೆ ತಿರುಗುವಷ್ಟು ಎತ್ತರವೂ ಇಲ್ಲ, ಬಿದ್ದರೆ ನಕ್ಕು ಏಳುವಷ್ಟು ತಗ್ಗೂ ಅಲ್ಲ ಎಂಬ ಜಾಗದಲ್ಲಿರುತ್ತದೆ.

ನಲವತ್ತಾರರ ಮಳೆಗಾಲಕ್ಕೆ ಮೊದಲು ಭಾಗಪ್ಪ ಊರಿಗೆ ಬಂದ. ತಂದದ್ದು ಎರಡು ಖಾಕಿ ಅಂಗಿ, ‘ಕೆಲಸ ಬಲ್ಲವನು’ ಎಂದು ಇಂಗ್ಲಿಷಿನಲ್ಲಿ ಬರೆದ ಒಂದು ಕಾಗದ, ಮತ್ತು ಒಂದು ದಪ್ಪ ಗಾಜಿನ ಲೋಟ. ಕಾಗದ ಓದಬಲ್ಲವರು ಬಬಲೇಶ್ವರದಲ್ಲಿ ಇಬ್ಬರು ಮೂವರಿದ್ದರು. ಓದಿ, ಮಡಚಿ, ನೆಲದ ಮೇಲಿಟ್ಟು ವಾಪಸು ಕೊಟ್ಟರು.

ಆ ಮಳೆಗಾಲದಲ್ಲೇ ಬಬಲೇಶ್ವರದ ಸಾಹುಕಾರರ ಹೊಸ ಮೋಟರು ಚಾವಡಿಯ ಮುಂದೆ ಕೆಟ್ಟು ನಿಂತಿತು. ಡ್ರೈವರನು ಎರಡು ದಿನ ಬೈದ, ಒದ್ದ, ಕೊನೆಗೆ ಕೈಮುಗಿದ. ಭಾಗಪ್ಪನನ್ನು ಕರೆಸಿದರು. ಅವನು ಕೆಳಗೆ ಮಲಗಿ, ನಳ ತಿರುವಿ, ಲೋಟ ಹಿಡಿದು, ಒಳಗೆ ಸೇರಿದ್ದ ನೀರು ಬಸಿದ. ಮೋಟರು ಗುರ್ರೆಂದಿತು. ಊರವರು ಚಪ್ಪಾಳೆ ತಟ್ಟಿದರು. ಆಮೇಲೆ ಆಳುಗಳು ಬಂದು ಅವನು ಮುಟ್ಟಿದ ಮೋಟರನ್ನು ನಾಲ್ಕು ಕೊಡ ನೀರು ಹಾಕಿ ತೊಳೆದರು, ಈರಯ್ಯನವರು ತೀರ್ಥ ಚಿಮುಕಿಸಿ ಶುದ್ಧ ಮಾಡಿದರು. ಈ ಈರಯ್ಯನವರು ಸಾಹುಕಾರರ ಮನೆತನಗಳಿಗೆಲ್ಲ ಪೂಜೆ ಮಾಡುವ ಅಯ್ಯನವರು. ಶ್ರಾವಣದಲ್ಲಿ ಪುರಾಣ ಹೇಳುವಾಗ ‘ಮಾನವರಲ್ಲಿ ಮೇಲು ಕೀಳು ಎಣಿಸಿದವನಿಗೆ ನರಕ’ ಎಂದು ಗಂಟಲು ಬಿಗಿದು ಹೇಳುತ್ತಿದ್ದರು. ಪುರಾಣ ಹೇಳುವುದಕ್ಕೆ, ಬದನೆಕಾಯಿ ತಿನ್ನುವುದಕ್ಕೆ ಎಂಬ ಗಾದೆ ಹುಟ್ಟಿದ್ದು ಅವರಿಗಿಂತ ಮುಂಚೆ. ಇಲ್ಲದಿದ್ದರೆ ಅವರ ಮೇಲೆಯೇ ಹುಟ್ಟುತ್ತಿತ್ತು.

ಭಾಗಪ್ಪ ಮಾತ್ರ ಅಂದು ಮನೆಗೆ ಹೋಗಿ ಹೆಂಡತಿ ಸೋನಾಬಾಯಿಯ ಮುಂದೆ ಹೊಟ್ಟೆ ಹಿಡಿದು ನಕ್ಕನಂತೆ. “ಒಳಗ ನೀರ ಹೊಕ್ಕಿದ್ದಕ್ಕ ಕೆಟ್ಟಿತ್ತು. ಈಗ ಹೊರಗಿಂದ ಮತ್ತ ನಾಕ ಕೊಡ ಸುರುವಿದ್ರು. ಪುಣ್ಯಾಕ ಟಾಕಿ ಬಾಯಿ ಮುಚ್ಚಿತ್ತು ಬೇ!”

ದಸರೆಗೆ ನಾಲ್ಕು ದಿನ ಮೊದಲು ವಿಜಾಪುರಕ್ಕೆ ವಿಮಾನ ಬಂತು. ಒಂದರ ಮೇಲೊಂದು ಎರಡು ಜೋಡಿ ರೆಕ್ಕೆಯ, ಇಬ್ಬರೇ ಕೂಡ್ರುವ ಸಣ್ಣ ವಿಮಾನ. ಹಾರಿಸುವವರು ಸೈಫುದ್ದೀನ ಸಾಹೇಬರು, ಗೋಳಗುಮ್ಮಟದ ಹಿಂದಿನ ಓಣಿಯ ನಮ್ಮವರೇ. ಯುದ್ಧದಲ್ಲಿ ಹಾರಾಟ ಕಲಿತು ಈಗ ಪುಣೆಯ ಒಂದು ಕಂಪನಿಯ ನೌಕರಿಯಲ್ಲಿದ್ದರು. ಕಾಸಿದ್ದವರನ್ನು ಕೂಡ್ರಿಸಿಕೊಂಡು ಊರ ಮೇಲೆ ಒಂದು ಸುತ್ತು ಹೊಡೆಸುವುದು ಕಂಪನಿಯ ವ್ಯಾಪಾರ. ಸುದ್ದಿ ಕಿವಿಗೆ ಬಿದ್ದದ್ದೇ ತಡ, ಭಾಗಪ್ಪ ಖಾಕಿ ಅಂಗಿ ತೊಟ್ಟು, ಕಾಗದ ಮತ್ತು ಲೋಟ ಹಿಡಿದು ಬಬಲೇಶ್ವರದಿಂದ ನಡೆದೇ ಬಂದ. ಸಾಹೇಬರು ಕಾಗದ ಓದಿದರು. ನೆಲದ ಮೇಲಿಡದೆ ಅವನ ಕೈಯಲ್ಲೇ ವಾಪಸು ಕೊಟ್ಟರು.

“ನಾಕ ದಿನ ನನ್ನ ಕೂಡ ಇರು,” ಎಂದರು. “ಕೆಲಸ ಬರೋಬ್ಬರಿ ಮಾಡು ಭಾಗಪ್ಪ. ಪುಣಾದಾಗ ನಮ್ಮ ಕಂಪನಿಯೊಳಗ ಫಿಟ್ಟರ್ ಜಾಗಾ ಖಾಲಿ ಐತಿ. ಹೋಗೂ ಮುಂದ ನಿನ್ನ ಹೆಸರಿಗೆ ಚಿಠ್ಠಿ ಕೊಡ್ತೀನಿ.”

ಫಿಟ್ಟರ್ ಕೆಲಸವೆಂದರೆ ಇರಲು ಕಂಪನಿಯ ಖೋಲಿ, ಖೋಲಿಯ ಮುಂದೆ ನಳ. ಸೋನಾಬಾಯಿ ಆ ನಳದ ಬಗ್ಗೆ ಮೂರು ಸಲ ಕೇಳಿದಳಂತೆ. “ಖರೇನಽ ನಾವಽ ತಿರುವಬಹುದ? ಯಾರರ ಬಂದು ಮ್ಯಾಲಿಂದ ಹಾಕೂ ತನಕಾ ನಿಲ್ಲಬೇಕಾಗಿಲ್ಲ?” ಬಬಲೇಶ್ವರದ ಬಾವಿಯಲ್ಲಿ ಅವಳು ಕೊಡ ಇಟ್ಟು ದೂರ ನಿಂತು, ಯಾರಾದರೂ ಪುಣ್ಯವಂತರು ಸೇದಿ ಸುರಿಯುವವರೆಗೆ ಕಾಯಬೇಕಿತ್ತು. ಅಂದೇ ಅವಳು ಹಾಸಿಗೆ ಸುತ್ತಿ ಕಟ್ಟಿದಳು.

ಇನ್ನು ಬಸಗೊಂಡಪ್ಪ ಸಾಹುಕಾರರು. ಮೂಲ ತಿಕೋಟೆಯವರು, ಸಿದ್ಧೇಶ್ವರ ಗುಡಿಯ ಹತ್ತಿರ ಕಾಳಿನ ಅಡತಿ ಅಂಗಡಿ. ಯುದ್ಧದ ಕಾಲದಲ್ಲಿ ಜನ ರೇಶನ್ನಿನ ಜೋಳಕ್ಕೆ ಸಾಲು ಹಚ್ಚಿ ನಿಂತಾಗ ನೆಲದೊಳಗಿನ ಇವರ ಹಗೇವಿನಲ್ಲಿ ಜೋಳ ಬೆಚ್ಚಗೆ ಮಲಗಿತ್ತು. ಯುದ್ಧ ಭಾಗಪ್ಪನಿಗೆ ಒಂದು ಕಾಗದ ಕೊಟ್ಟಿತು, ಬಸಗೊಂಡಪ್ಪನವರಿಗೆ ಎರಡು ಮಾಳಿಗೆ ಕೊಟ್ಟಿತು. ಆದರೂ ಅವರಿಗೆ ಸುಖವಿರಲಿಲ್ಲ. ಬಬಲೇಶ್ವರದ ಆ ಮೋಟರಿನ ಸಾಹುಕಾರರು ಇವರ ಬೀಗರು. ಹೋದ ಬೇಸಿಗೆಯಲ್ಲಿ ಮೋಟರು ತಗೊಂಡು ತಿಕೋಟೆಗೆ ಬಂದು, ಇವರ ಬಾಗಿಲ ಮುಂದೆ ನಿಂತು, ಮೂರು ಸಲ ಭೋಂಗಾ ಬಾರಿಸಿ, ಇಳಿಯದೆ ಹೋಗಿದ್ದರು. ಆ ಭೋಂಗಾ ಬಸಗೊಂಡಪ್ಪನವರ ಕಿವಿಯಲ್ಲಿ ಆರು ತಿಂಗಳು ಬಾರಿಸುತ್ತಲೇ ಇತ್ತು.

ಅದಕ್ಕೇ ಬನ್ನಿ ಹಬ್ಬದ ದಿನ ವಿಮಾನ ಹತ್ತಿ, ತಿಕೋಟೆಯ ಮೇಲೆ ಒಂದು ಸುತ್ತು ಹಾಕಿ, ಅಲ್ಲಿಂದ ಬಬಲೇಶ್ವರಕ್ಕೆ ಹೋಗಿ ಬೀಗರ ಮನೆಯ ಮೇಲೆ ಬನ್ನಿ ಸುರಿಯುವುದೆಂದು ನಿಶ್ಚಯವಾಯಿತು. ಬನ್ನಿ ಎಂದರೆ ನಮ್ಮಲ್ಲಿ ಬಂಗಾರ. ಅದನ್ನು ಕೈಗೆ ಕೊಟ್ಟು, ಕಿರಿಯರು ಹಿರಿಯರ ಕಾಲು ಮುಟ್ಟಿ, ಬಂಗಾರದ ಹಾಗೆ ಇರೋಣ ಎನ್ನುವುದು ಪದ್ಧತಿ. “ನಾ ಅವ್ರ ನೆತ್ತಿಮ್ಯಾಲ ಬನ್ನಿ ಕೊಡ್ತೀನಿ,” ಎಂದರು ಬಸಗೊಂಡಪ್ಪನವರು. “ಆಮ್ಯಾಲ ನನ್ನ ಕಾಲ ಮುಟ್ಟಬೇಕಂದ್ರ ಬೀಗರು ಮೋಟರಿಗೆ ರೆಕ್ಕಿ ಹಚ್ಚಿಸ್ಕೋಬೇಕು.”

ದಶಮಿಯ ಬೆಳಿಗ್ಗೆ ತಿಕೋಟೆ ರಸ್ತೆಯ ಪಕ್ಕದ ಬಯಲಿನಲ್ಲಿ ಜಾತ್ರೆಯಷ್ಟು ಜನ. ಬಂದೋಬಸ್ತಿಗೆಂದು ಮಾಮಲೇದಾರರು ನನ್ನನ್ನು ಕಳಿಸಿದ್ದರು. ನಾನು ಹೋದಾಗ ಭಾಗಪ್ಪ ವಿಮಾನದ ಮೇಲೆ ಹತ್ತಿ ನಿಂತು, ಮೇಲಿನ ರೆಕ್ಕೆಗಳ ನಡುವಿನ ಟಾಕಿಗೆ ಡಬ್ಬಿಯಿಂದ ಪೆಟ್ರೋಲು ಹಾಕುತ್ತಿದ್ದ. ಲಾಳಿಕೆಯ ಬಾಯಿಗೆ ತೆಳುವಾದ ಮೆತ್ತನೆಯ ಚರ್ಮ ಹಾಸಿದ್ದ. ಆ ಚರ್ಮ ಪೆಟ್ರೋಲನ್ನು ಬಿಡುತ್ತದೆ, ನೀರನ್ನು ಬಿಡುವುದಿಲ್ಲ. ಹಾಕಿದ ಮೇಲೆ ಕೆಳಗಿಳಿದು, ನಳ ತಿರುವಿ, ಲೋಟ ಹಿಡಿದು ಸಾಹೇಬರಿಗೆ ತೋರಿಸಿದ. ಹನಿ ನೀರಿರಲಿಲ್ಲ. ಸಾಹೇಬರು ತಲೆಯಾಡಿಸಿ, ಅಕ್ಕನ ಮನೆಗೆ ಚಹಾ ಕುಡಿಯಲು ಹೋದರು. ನಾನು ಸುಮ್ಮನೆ ನಿಂತಿದ್ದು ಕಂಡು ಭಾಗಪ್ಪ ನನಗೂ ತೋರಿಸಿದ. ನೀರು ಹೇಗೆ ತಳಕ್ಕಿಳಿಯುತ್ತದೆ, ಇಂಜಿನ್ನು ಎಲ್ಲಿ ಕೆಮ್ಮುತ್ತದೆ, ಎಲ್ಲವನ್ನೂ ಬಿಡಿಸಿ ಹೇಳಿದ. ಹೀಗಾಗಿ ನನಗೆ ಗೊತ್ತಿರಲಿಲ್ಲ ಎಂದು ಹೇಳಲು ಬರುವುದಿಲ್ಲ.

ಆಗ ಹಲಗೆ ಬಾರಿಸುತ್ತ ಬಸಗೊಂಡಪ್ಪನವರ ಮೆರವಣಿಗೆ ಬಂತು. ಜರತಾರಿ ರುಮಾಲು, ರೇಶಿಮೆ ಅಂಗಿ, ಕಣ್ಣಿಗೆ ಸಾಹೇಬರು ಕಳಿಸಿದ್ದ ಗಾಳಿಕನ್ನಡಕ. ಹಿಂದೆ ತಂಬಿಗೆ ಹಿಡಿದ ಈರಯ್ಯನವರು. ಅವರ ಹಿಂದೆ ಬನ್ನಿಯ ಚೀಲ ಹೊತ್ತ ಅಂಗಡಿಯ ಆಳು ಧೂಳಪ್ಪ. ಸಾಹುಕಾರರು ಭಾಗಪ್ಪನ ಕೈಯಲ್ಲಿದ್ದ ಲಾಳಿಕೆ ನೋಡಿ ನಿಂತರು.

“ಯಾರಂವ?”

“ಬಬಲೇಶ್ವರದ ಶಾಂತಪ್ಪನ ಮಗಾರಿ,” ಎಂದ ಧೂಳಪ್ಪ. “ಕೇರಿಯಾಂವ.”

“ಎಣ್ಣಿ ಇವನ ಹಾಕ್ಯಾನೇನು?”

“ಹೌದ್ರಿ. ಅದೂ ಚರ್ಮದಾಗ ಸೋಸಿ.”

ಬಸಗೊಂಡಪ್ಪನವರ ಕೈ ಎದೆಯ ಮೇಲಿನ ಬೆಳ್ಳಿ ಕರಡಿಗೆಗೆ ಹೋಯಿತು. “ಶಿವ ಶಿವಾ! ಕೊರಳಾಗ ಲಿಂಗ ಕಟ್ಕೊಂಡು, ನೆತ್ತಿಮ್ಯಾಲ ಈ ಎಣ್ಣಿ ಇಟ್ಕೊಂಡು ಹೋಗ್ಲ್ಯಾ?” ಎಂದರು. ನೋಡಿ, ವಿಮಾನ ಮಾಡಿದವರು ದನ ತಿನ್ನುವ ವಿಲಾಯತಿಯವರು, ಅದಕ್ಕೆ ಅಡ್ಡಿಯಿಲ್ಲ. ಹಾರಿಸುವವರು ಮುಸಲ್ಮಾನರು, ಅದಕ್ಕೂ ಅಡ್ಡಿಯಿಲ್ಲ. ಡಬ್ಬಿ ಎತ್ತಿದವನು ಬಬಲೇಶ್ವರದ ಶಾಂತಪ್ಪನ ಮಗ ಎಂದ ಕೂಡಲೇ ಆಕಾಶವೇ ಮೈಲಿಗೆಯಾಯಿತು.

ಈರಯ್ಯನವರು ಗಡ್ಡ ಸವರಿಕೊಂಡರು. “ಬೀಗರ ಮೋಟರಿಗೆ ಹೊರಗ ಚಿಮುಕಿಸಿದ್ವಿ, ಯಾಕಂದ್ರ ಅಂವ ಹೊರಗ ಮುಟ್ಟಿದ್ದ. ಇಲ್ಲಿ ಮೈಲಿಗಿ ಆಗಿದ್ದು ಒಳಗ, ಸಾವ್ಕಾರ್ರ. ತೀರ್ಥಾನೂ ಒಳಗಽ ಹೋಗಬೇಕು.”

ಎಂಥ ತರ್ಕ! ಮದರಾಸಿನ ವಕೀಲರೂ ಕೈ ಮುಗಿಯಬೇಕು.

ಭಾಗಪ್ಪನಿಗೆ ದೂರ ಹೋಗಿ ನಿಲ್ಲಲು ಹೇಳಿದರು. ಅವನು ಇಪ್ಪತ್ತು ಮಾರು ಆಚೆ ಒಂದು ಜಾಲಿ ಗಿಡದ ಹಿಂದೆ, ಜನರ ಗುಂಪಿನ ಆಚೆ ಹೋಗಿ ಕೂತ. ಪೂಜೆಯೆಂದರೆ ಕುಂಕುಮ, ಹೂವು, ಕಾಯಿ ಎಂದು ಅವನು ತಿಳಿದಿದ್ದ. ಅವೂ ಆದವು. ಆಮೇಲೆ ಧೂಳಪ್ಪ ಕಾಲು ತೊಳೆದುಕೊಂಡು ವಿಮಾನ ಹತ್ತಿದ, ಟಾಕಿಯ ಮುಚ್ಚಳ ತಿರುವಿದ. ಈರಯ್ಯನವರು ತಂಬಿಗೆಯ ನೀರಿಗೆ ಒಂದು ಹಿಡಿ ವಿಭೂತಿ ಹಾಕಿ ಕಲಸಿ, ಮಂತ್ರ ಹೇಳಿ, ಮೇಲಕ್ಕೆ ಕೊಟ್ಟರು. ಧೂಳಪ್ಪ ಭಕ್ತಿಯಿಂದ ಇಡೀ ತಂಬಿಗೆ ಬೋರಲು ಹಾಕಿದ. ಗುಳುಗುಳು ಸಪ್ಪಳ ನನಗೂ ಕೇಳಿಸಿತು.

ನಾನು ಏನು ಮಾಡಿದೆ? ಎಲ್ಲರ ಹಾಗೆ ಕೈಮುಗಿದೆ. ಕಾಯಿ ಸಕ್ಕರೆ ಪ್ರಸಾದ ತಗೊಂಡೆ. ಒಂದು ತಂಬಿಗೆ ನೀರಿಗೆ ಏನಾಗುತ್ತದೆ, ಅಷ್ಟು ದೊಡ್ಡ ಟಾಕಿಯಲ್ಲಿ ಎಲ್ಲೋ ಹೋಗುತ್ತದೆ ಎಂದು ಮನಸ್ಸಿಗೆ ಹೇಳಿಕೊಂಡೆ. ಸಾಹುಕಾರರ ಮುಂದೆ, ಅಯ್ಯನವರ ಮುಂದೆ, ಕೇರಿಯವನು ಕಲಿಸಿದ ಪಾಠ ಒಪ್ಪಿಸಲು ನನಗೆ ನಾಚಿಕೆಯೂ ಆಗಿತ್ತು. ಇದ್ದದ್ದು ಇದ್ದ ಹಾಗೆ ಹೇಳುತ್ತೇನೆ.

ಸಾಹೇಬರು ಬಂದರು. ಅವರು ಬಂದದ್ದು ನೋಡಿ ಭಾಗಪ್ಪ ಲೋಟ ಹಿಡಿದು ಓಡಿ ಬಂದ.

“ಸಾಹೇಬ್ರ, ಏರೂ ಮುಂದ ಇನ್ನೊಮ್ಮೆ ನೋಡತೀನ್ರಿ. ಅದು ನೇಮ ಐತ್ರಿ.”

ಈರಯ್ಯನವರು ಕೈ ಅಡ್ಡ ಮಾಡಿದರು. “ಪೂಜಿ ಆದ ಮ್ಯಾಲ ಇಂವ ಮುಟ್ಟಂಗಿಲ್ಲ. ಮುಟ್ಟಿದ್ರ ಮತ್ತ ಮೊದಲಿಂದ ಮಾಡಬೇಕು. ಮುಹೂರ್ತ ಮೀರತೈತಿ.”

ಸಾಹೇಬರು ಗಡಿಯಾರ ನೋಡಿದರು, ಸಾಹುಕಾರರ ಮುಖ ನೋಡಿದರು. ಆ ನಾಲ್ಕು ದಿನದಲ್ಲಿ ಇಷ್ಟು ದೊಡ್ಡ ಗಿರಾಕಿ ಇನ್ನೊಬ್ಬರು ಸಿಕ್ಕಿರಲಿಲ್ಲ. “ಮುಂಜಾನೆ ನೋಡಿದ್ಯಲ್ಲ?” ಎಂದರು.

“ನೋಡಿದ್ನಿರಿ, ಆದ್ರ...”

“ಸಾಕ ಬಿಡು.”

ಭಾಗಪ್ಪ ನನ್ನ ಕಡೆ ನೋಡಿದ, ಕಾರಕೂನರಾದರೂ ಒಂದು ಮಾತು ಹೇಳಲಿ ಎಂಬಂತೆ. ನಾನು ಬಂದೋಬಸ್ತು ನೋಡತೊಡಗಿದೆ.

ಅಷ್ಟರಲ್ಲಿ ಇನ್ನೊಂದು ತೊಡಕು ಬಂತು. ವಿಮಾನದ ಪಂಖಾವನ್ನು ಯಾರಾದರೂ ಕೈಯಿಂದ ಎಳೆದು ತಿರುವಿದರೇ ಇಂಜಿನ್ನು ಹತ್ತುವುದು. ತಿರುವಿದ ಕೂಡಲೇ ಹಿಂದೆ ಹಾರಿ ಸರಿಯಬೇಕು, ಇಲ್ಲದಿದ್ದರೆ ತಲೆ ಹೋಗುತ್ತದೆ. ಆ ಬಯಲಿನಲ್ಲಿ ಇದು ಗೊತ್ತಿದ್ದವನು ಭಾಗಪ್ಪನೊಬ್ಬನೇ. ಧೂಳಪ್ಪನ ಮುಖ ನೋಡಿದರು, ಅವನು ಬನ್ನಿ ಚೀಲದ ಹಿಂದೆ ಸರಿದ. ಈರಯ್ಯನವರು ಕ್ಷಣ ಕಣ್ಣು ಮುಚ್ಚಿ ತೀರ್ಪು ಕೊಟ್ಟರು: “ಪಂಖಾ ಹೊರಗಿಂದು. ತಿರುಗಾಕತ್ತಿದ್ರ ಗಾಳಿಗೇ ಶುದ್ಧ ಆಗ್ತೈತಿ. ಅದನ್ನ ಮುಟ್ಟಲಿ.”

ತಲೆ ಹೋಗುವ ಜಾಗವನ್ನು ಮುಟ್ಟಬಹುದು, ತಲೆ ಉಳಿಸುವ ನಳವನ್ನು ಮುಟ್ಟಬಾರದು. ಭಾಗಪ್ಪ ಲೋಟವನ್ನು ಅಂಗಿಯ ಕಿಸೆಗೆ ಇಳಿಬಿಟ್ಟು, ಪಂಖಾ ತಿರುವಿ, ಹಿಂದೆ ಹಾರಿದ. ಇಂಜಿನ್ನು ಹತ್ತಿತು. ಹಲಗೆಯವರು ಬಡಿದದ್ದೇ ಬಡಿದದ್ದು. ಮುಂದಿನ ಗೂಡಿನಲ್ಲಿ ಬಸಗೊಂಡಪ್ಪನವರು ಬನ್ನಿ ಚೀಲ ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು, ಹಿಂದಿನದರಲ್ಲಿ ಸಾಹೇಬರು. ವಿಮಾನ ಬಯಲಿನ ಉದ್ದಕ್ಕೂ ಓಡಿ, ಕುಪ್ಪಳಿಸಿ, ಎದ್ದಿತು. ಗಾಳಿ ಪಡುವಣದಿಂದ ಇತ್ತು, ವಿಮಾನ ತಿಕೋಟೆಯ ದಿಕ್ಕಿಗೇ ಏರುತ್ತ ಹೋಯಿತು. ಬಸಗೊಂಡಪ್ಪನವರು ಕೈ ಬೀಸಿದ್ದು ಕಂಡಿತು. ಹತ್ತು ಬೇವಿನ ಮರದಷ್ಟು ಎತ್ತರ ಹೋಗಿರಬಹುದು.

ಆಗ ಇಂಜಿನ್ನು ಕೆಮ್ಮಿತು.

ಒಂದು ಸಲ ಕೆಮ್ಮಿ ಸುಧಾರಿಸಿತು. ಮತ್ತೆ ಕೆಮ್ಮಿತು. ಆಮೇಲೆ ಮುದುಕರು ರಾತ್ರಿ ಕೆಮ್ಮುವ ಹಾಗೆ ಬಿಡದೆ ಕೆಮ್ಮಿ, ಪಂಖಾದ ಕಡ್ಡಿಗಳು ಎಣಿಸುವಷ್ಟು ನಿಧಾನವಾದವು. ಹಲಗೆಯವರಿಗೆ ಇನ್ನೂ ತಿಳಿದಿರಲಿಲ್ಲ, ಬಾರಿಸುತ್ತಲೇ ಇದ್ದರು. ಜನ “ಇಳಿಯಾಕತ್ತೈತಿ, ಇಳಿಯಾಕತ್ತೈತಿ” ಎಂದು ಸಂತೋಷದಿಂದ ಕೂಗಿದರು. ಭಾಗಪ್ಪ ಮಾತ್ರ ಆಗಲೇ ಓಡುತ್ತಿದ್ದ.

ಸೈಫುದ್ದೀನ ಸಾಹೇಬರ ಕೈ ಪಳಗಿದ ಕೈ, ಅದನ್ನು ಒಪ್ಪಲೇಬೇಕು. ಹಿಂದಕ್ಕೆ ತಿರುಗಿಸುವ ತಪ್ಪು ಮಾಡದೆ, ಮೂಗು ತಗ್ಗಿಸಿ, ಎದುರಿಗಿದ್ದ ತೊಗರಿ ಹೊಲಕ್ಕೆ ಇಳಿಸಿದರು. ಒಂದು ಒಡ್ಡಿಗೆ ಗಾಲಿ ಸಿಕ್ಕಿ ವಿಮಾನ ಮೂಗು ನೆಲಕ್ಕೂರಿ, ಬಾಲ ಆಕಾಶಕ್ಕೆ ಎತ್ತಿ ನಿಂತಿತು. ನಾವು ಏದುಸಿರು ಬಿಡುತ್ತ ಹೋಗುವಷ್ಟರಲ್ಲಿ ಭಾಗಪ್ಪ ಸಾಹೇಬರನ್ನು ಇಳಿಸಿ ಮಲಗಿಸಿದ್ದ, ಅವರ ಬಲಗೈ ಮುರಿದಿತ್ತು. ಬಸಗೊಂಡಪ್ಪನವರು ಸೊಂಟಕ್ಕೆ ಬಿಗಿದ ಪಟ್ಟಿಯಲ್ಲಿ ಸಿಕ್ಕಿಬಿದ್ದು, ಬಾವಿಗೆ ಇಣುಕುವವರಂತೆ ಮುಂದಕ್ಕೆ ಜೋತಾಡುತ್ತಿದ್ದರು. ಬನ್ನಿ ಎಲೆಗಳು ಅವರ ತಲೆ, ಮೀಸೆ, ಬಾಯಿಯಲ್ಲೆಲ್ಲ ತುಂಬಿದ್ದವು. ಭಾಗಪ್ಪ ಅವರ ಎದೆಗೆ ಭುಜ ಕೊಟ್ಟು, ಪಟ್ಟಿ ಬಿಚ್ಚಿ, ಮಗುವಿನ ಹಾಗೆ ಅಪ್ಪಿಕೊಂಡು ಇಳಿಸಿದ. ಸಾಹುಕಾರರು ಎರಡೂ ಕೈಯಿಂದ ಅವನ ಕೊರಳು ತಬ್ಬಿಕೊಂಡಿದ್ದರು, “ಯಪ್ಪಾ, ಕೈ ಬಿಡಬ್ಯಾಡೋ ಯಪ್ಪಾ” ಎನ್ನುತ್ತಿದ್ದರು. ಜೋತಾಡುವವನಿಗೆ ಮಡಿ ನೆನಪಾಗುವುದಿಲ್ಲ. ಕಾಲು ನೆಲಕ್ಕೆ ತಾಗಿದ ಮೇಲೆ ನೆನಪಾಯಿತು.

“ಸರಿ ಅತ್ಲಾಗ!” ಎಂದರು. ಆಮೇಲೆ ನೆರೆದವರಿಗೆಲ್ಲ ಕೇಳುವಂತೆ, “ಈ ಮಗನಽ ಏನೋ ಮಾಡ್ಯಾನ. ಪಂಖಾ ಮುಟ್ಟಿದ್ದ ಇವನಽ. ನನ್ನ ಕೊಲ್ಲಾಕ ನೋಡ್ಯಾನ,” ಎಂದರು.

ಸಾಹೇಬರನ್ನು ಚಕ್ಕಡಿಯಲ್ಲಿ ದವಾಖಾನೆಗೆ ಒಯ್ದರು. ಹೋಗುವಾಗ ಅವರು ಭಾಗಪ್ಪನ ಕಡೆ ನೋಡಲಿಲ್ಲ. ಹಾರುವ ಮುನ್ನ ನೋಡಬೇಕಾದದ್ದನ್ನು ನೋಡಲಿಲ್ಲ ಎಂದು ಹೊರಬಿದ್ದರೆ ಅವರ ಹಾರಾಟದ ಪರವಾನಿಗಿಯೂ ಹೋಗುತ್ತಿತ್ತು. “ಇಂಜಿನ್ ಯಾಕ ನಿಂತಿತೋ ತಿಳೀವಲ್ದು” ಎಂದಷ್ಟೇ ಹೇಳಿ ಕಣ್ಣು ಮುಚ್ಚಿದರು.

ಮಧ್ಯಾಹ್ನ ಅದೇ ಹೊಲದಲ್ಲಿ ಪಂಚನಾಮೆ. ಹಬ್ಬದ ದಿನವೆಂದು ಮಾಮಲೇದಾರರು ತಾವು ಬರದೆ ನನಗೇ ಬರೆದುಕೊಂಡು ಬರಲು ಹೇಳಿ ಕಳಿಸಿದ್ದರು. ಐದು ಜನ ಪಂಚರು, ಐವರೂ ಮರ್ಯಾದಸ್ತರು, ಅಂದರೆ ಐವರೂ ಬಸಗೊಂಡಪ್ಪನವರ ಅಂಗಡಿಗೆ ಕಾಳು ಹಾಕುವವರು. ಸಾಹುಕಾರರು ಹೊರಸಿನ ಮೇಲೆ, ಮೊಣಕಾಲಿಗೆ ಅರಿವೆ ಕಟ್ಟಿಕೊಂಡು, ಕಾಲು ಕೆಳಗೆ ಬಿಟ್ಟು ಕೂತಿದ್ದರು. ಭಾಗಪ್ಪನ ತಪ್ಪೆಂದು ಬರೆದರೆ ಅವನಿಗೆ ಪುಣೆ ಇಲ್ಲ, ಜೈಲಂತೂ ಉಂಟು. ಇದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು.

“ನಳ ತಿರುವಿ ತೋರಸ್ತೀನ್ರಿ, ಅಷ್ಟಕ್ಕ ಅಪ್ಪಣಿ ಕೊಡ್ರಿ,” ಎಂದ ಭಾಗಪ್ಪ. ಬಿದ್ದ ವಿಮಾನಕ್ಕೆ ಮಡಿ ಇರುವುದಿಲ್ಲವೆಂದು ತೋರುತ್ತದೆ, ಈ ಸಲ ಯಾರೂ ತಡೆಯಲಿಲ್ಲ. ಜನ ಬಾಲ ಎಳೆದು ವಿಮಾನವನ್ನು ನೆಟ್ಟಗೆ ಮಾಡಿದ್ದರು. ಭಾಗಪ್ಪ ಲೋಟ ತುಂಬಿ ತಂದು ಬಿಸಿಲಿಗೆ ಹಿಡಿದ. ಮೇಲೆ ಎರಡು ಬೆರಳಿನಷ್ಟು ಪೆಟ್ರೋಲು, ಕೆಳಗೆ ಮೂರು ಬೆರಳಿನಷ್ಟು ನೀರು. ಹಿಡಿದಂತೆ ಹಿಡಿದಂತೆ ನೀರಿನ ತಳದಲ್ಲಿ ಬೂದಿ ಬಣ್ಣದ ಒಂದು ಪದರು ಕೂತಿತು. ಅವನು ಅದನ್ನೇ ನೋಡುತ್ತ ನಿಂತ. ಆಮೇಲೆ ಈರಯ್ಯನವರ ಹಣೆ ನೋಡಿದ. ಆಮೇಲೆ ನನ್ನನ್ನು ನೋಡಿದ. ಆ ಜಾಲಿ ಗಿಡದ ಹಿಂದೆ ಕೂತಾಗ ಇಲ್ಲಿ ಏನು ನಡೆಯಿತೆಂದು ಅವನಿಗೆ ತಿಳಿದುಹೋಯಿತು.

“ನೋಡ್ರಿ, ನೀರ ಹಾಕ್ಯಾನ!” ಎಂದರು ಬಸಗೊಂಡಪ್ಪನವರು. “ಬರಕೋರಿ ಕಾರಕೂನರ.”

“ನಾ ಹಾಕಿದ್ರ ಬರೇ ನೀರ ಇರ್ತಿತ್ರಿ ಸಾವ್ಕಾರ್ರ,” ಎಂದ ಭಾಗಪ್ಪ. “ತಳದಾಗ ವಿಭೂತಿ ಐತಿ.”

“ಮಣ್ಣದು,” ಎಂದರು ಈರಯ್ಯನವರು, ಸ್ವಲ್ಪ ಅವಸರದಿಂದ. “ಟಾಕಿಯೊಳಗಿನ ಹೊಲಸು.”

“ಹಂಗಾರ ಇದು ತೀರ್ಥ ಅಲ್ಲೇನ್ರಿ ಅಯ್ಯಾರ?”

“ಅಲ್ಲ.”

“ಬರೇ ನೀರು?”

“ಬರೇ ನೀರು.”

“ಚೆಲ್ಲಲ್ಯಾ?”

ಈರಯ್ಯನವರು ಸಾಹುಕಾರರ ಕಡೆ ನೋಡಿದರು. “ಚೆಲ್ಲು,” ಎಂದರು.

ಭಾಗಪ್ಪ ಮೇಲಿನ ಪೆಟ್ರೋಲನ್ನು ಜೋಕೆಯಿಂದ ಬದಿಗೆ ಬಸಿದ. ಉಳಿದ ನೀರನ್ನು ನಮ್ಮ ಸಾಲಿನ ಮುಂದೆ, ನಮ್ಮ ಪಾದಗಳ ಬುಡಕ್ಕೆ, ಈ ತುದಿಯಿಂದ ಆ ತುದಿಯವರೆಗೆ ನಿಧಾನವಾಗಿ ಸುರಿಯುತ್ತ ಹೋದ.

ಐವರು ಪಂಚರೂ ಕಾಲು ಹಿಂದಕ್ಕೆ ತಗೊಂಡರು. ಈರಯ್ಯನವರು ಎರಡು ಹೆಜ್ಜೆ ಹಾರಿದರು. ಬಸಗೊಂಡಪ್ಪನವರು ಮೊಣಕಾಲಿನ ನೋವನ್ನೂ ಮರೆತು ಎರಡೂ ಕಾಲು ಹೊರಸಿನ ಮೇಲೆ ಎಳೆದುಕೊಂಡರು. ತೀರ್ಥ ತುಳಿದವನಿಗೆ ಏಳು ಜನ್ಮದ ಪಾಪ ಎಂದು ನಮಗೆಲ್ಲ ತಾಯಿಯ ಹಾಲಿನ ಜೊತೆ ಕುಡಿಸಿದ್ದಾರೆ. ನನ್ನ ಕಾಲೂ ನನ್ನನ್ನು ಕೇಳದೆ ಹಿಂದೆ ಸರಿದಿತ್ತು.

ಭಾಗಪ್ಪ ನಗಲಿಲ್ಲ. ಲೋಟ ಒರೆಸಿ ಕಿಸೆಗೆ ಹಾಕಿಕೊಂಡ.

ಅವನ ಮೇಲೆ ತಪ್ಪು ಹೊರಿಸಲು ಇನ್ನು ಯಾರಿಗೂ ಬಾಯಿರಲಿಲ್ಲ, ನಿಜ ಹೇಳಲು ಮೊದಲೇ ಇರಲಿಲ್ಲ. “ಯಾರ ಹೆಸರೂ ಬ್ಯಾಡ,” ಎಂದರು ಹಿರಿಯ ಪಂಚರು. ನಾನು ಬರೆದೆ: ‘ನೆಲ ಬಿಟ್ಟ ಸ್ವಲ್ಪ ಹೊತ್ತಿಗೆ ಇಂಜಿನ್ನಿನ ಬಲ ಕುಂದಿತು. ಕಾರಣ ತಿಳಿದುಬಂದಿಲ್ಲ.’ ಸಾಹುಕಾರರಿಗೆ ಸಮಾಧಾನ, ಅಯ್ಯನವರಿಗೆ ಸಮಾಧಾನ, ದವಾಖಾನೆಯಲ್ಲಿದ್ದ ಸಾಹೇಬರಿಗೆ ಎಲ್ಲರಿಗಿಂತ ಹೆಚ್ಚು ಸಮಾಧಾನ. ಭಾಗಪ್ಪನನ್ನು ಜೈಲಿನಿಂದ ಉಳಿಸಿದೆನೆಂದು ನನಗೂ ಸಮಾಧಾನ. ಅಂದು ಹೋಳಿಗೆ ಎರಡು ಹೆಚ್ಚೇ ಉಂಡೆ.

ಹದಿನೈದು ದಿನದಲ್ಲಿ ಸುದ್ದಿ ಬೇರೆಯೇ ಬಣ್ಣ ಪಡೆಯಿತು. ಅಷ್ಟು ಎತ್ತರದಿಂದ ಬಿದ್ದೂ ಸಾಹುಕಾರರು ಮೊಣಕಾಲಿನ ಒಂದು ಗೀರು ಬಿಟ್ಟರೆ ಏನೂ ಆಗದೆ ಉಳಿದದ್ದು ಹೇಗೆ? ಈರಯ್ಯನವರ ತೀರ್ಥ ಟಾಕಿಯೊಳಗೆ ಇದ್ದದ್ದರಿಂದ! ಇದನ್ನು ಸಿದ್ಧೇಶ್ವರ ಗುಡಿಯ ಕಟ್ಟೆಯ ಮೇಲೆ ಈರಯ್ಯನವರೇ ಹೇಳಿದರು, ಧೂಳಪ್ಪ ತಾನು ಸುರಿದ ರೀತಿಯನ್ನು ಅಭಿನಯಿಸಿ ತೋರಿಸಿದ. ತಿಕೋಟೆಯಲ್ಲಿ ಹೊಸ ಚಕ್ಕಡಿಗೂ ಅವರ ತೀರ್ಥವೇ ಬೇಕೆಂದು ಜನ ಬರತೊಡಗಿದರು. ಪಂಚನಾಮೆಯಲ್ಲಿ ಇಲ್ಲದ ತೀರ್ಥ ಊರಿನ ಬಾಯಲ್ಲೆಲ್ಲ ಇತ್ತು.

ಆ ದಿನಗಳಲ್ಲೇ ಒಂದು ಬೆಳಿಗ್ಗೆ ಭಾಗಪ್ಪ ಕಚೇರಿಗೆ ಬಂದ. ಹೊರಗೆ ಬೇವಿನ ಗಿಡದ ಕೆಳಗೆ ಸೋನಾಬಾಯಿ ಹಾಸಿಗೆಯ ಸುರುಳಿಯ ಪಕ್ಕ ಕೂತಿದ್ದಳು. ಭಾಗಪ್ಪ ಪುಣೆಯಿಂದ ಬಂದ ಕಾಗದವನ್ನು ಮೇಜಿನ ತುದಿಗೆ ಇಟ್ಟ. ನಾನು ಓದಿದೆ. ಸಾಹೇಬರು ಮಾತು ತಪ್ಪಿರಲಿಲ್ಲ, ಅವನ ಹೆಸರು ಹೇಳಿದ್ದರು. ಕಂಪನಿಯವರೇ ಒಪ್ಪಿರಲಿಲ್ಲ. ಕಾರಣವಿಲ್ಲದೆ ಬಿದ್ದ ವಿಮಾನಕ್ಕೆ ಪೆಟ್ರೋಲು ಹಾಕಿದವನನ್ನು ಇನ್ನೊಂದು ವಿಮಾನದ ಹತ್ತಿರ ಬಿಡುವುದು ಹೇಗೆ ಎಂದು ಕೇಳಿದ್ದರು. ಕಾರಣ ಹೊರಗಿನದೆಂದು ಸರಕಾರಿ ಬರಹ ಇದ್ದರೆ ತಿಂಗಳೊಳಗೆ ಕಳಿಸಬಹುದು ಎಂದಿತ್ತು. ನಾನು ಉಳಿಸಿದೆನೆಂದುಕೊಂಡ ಒಂದೇ ಸಾಲು ಅವನನ್ನು ಮುಗಿಸಿತ್ತು.

“ಒಂದ ಸಾಲು ಬರೀರಿ, ಕಾರಕೂನರ,” ಎಂದ. “ಯಾರ ಹಾಕಿದ್ರಂತ ಬ್ಯಾಡ್ರಿ. ಅಯ್ಯಾರ ಹೆಸರ ಬ್ಯಾಡ, ಸಾವ್ಕಾರ್ರ ಹೆಸರ ಬ್ಯಾಡ. ಪೂಜಿ ಮುಂದ ಟಾಕಿಯೊಳಗ ನೀರ ಬಿತ್ತು ಅಂತ ಅಷ್ಟ ಬರೀರಿ. ಈಗಂತೂ ಅಯ್ಯಾರಽ ಕಟ್ಟಿಮ್ಯಾಲ ಕುಂತು ಹೇಳಾಕತ್ತಾರಲ್ರಿ.”

“ಕಟ್ಟಿಮ್ಯಾಲ ಹೇಳೂದು ಬ್ಯಾರೆ, ಕಾಗದದ ಮ್ಯಾಲ ಬರಿಯೂದು ಬ್ಯಾರೆ, ಭಾಗಪ್ಪ,” ಎಂದೆ. “ಪಂಚರು ಸಹಿ ಮಾಡ್ಯಾರ. ಒಮ್ಮೆ ಆದ ಪಂಚನಾಮಿ ತಿದ್ದಾಕ ಬರಂಗಿಲ್ಲ.”

“ತಿದ್ದಬ್ಯಾಡ್ರಿ. ನೀವು ಕಂಡಿದ್ದನ್ನ ಬ್ಯಾರೆ ಕಾಗದದಾಗ ಬರದ ಕೊಡ್ರಿ. ನೀವು ಅಲ್ಲೇ ನಿಂತಿದ್ರಿ.”

ನಾನು ಮಸಿಕುಡಿಕೆಗೆ ಲೇಖನಿ ಅದ್ದಿದೆ, ಮತ್ತೆ ಒರೆಸಿಟ್ಟೆ. ಮಾಮಲೇದಾರರ ಕೋಣೆಯ ಬಾಗಿಲು ಅರ್ಧ ತೆರೆದಿತ್ತು, ಒಳಗೆ ಬಸಗೊಂಡಪ್ಪನವರ ನಗೆ ಕೇಳುತ್ತಿತ್ತು.

“ನಿಂತಿದ್ನಿ ಖರೆ,” ಎಂದೆ. “ಆದ್ರ ಅದು ತೀರ್ಥನೋ ಏನೋ, ನನಗ ಅಷ್ಟು ಸ್ಪಷ್ಟ ಕಾಣಲಿಲ್ಲ.”

ಭಾಗಪ್ಪ ಮೇಜಿನ ತುದಿಯಿಂದ ತನ್ನ ಕಾಗದ ತಗೊಂಡ. ಸಿಟ್ಟಿನಿಂದಲ್ಲ, ನಿಜವಾಗಿ ತಿಳಿಯಬೇಕೆಂದಿದ್ದವನ ಹಾಗೆ ಕೇಳಿದ.

“ಹಂಗಾರ ಅವತ್ತ ಹೊಲದಾಗ ನಿಮ್ಮ ಕಾಲ ಯಾಕ ತಗೊಂಡ್ರಿ, ಕಾರಕೂನರ?”

ನಾನು ಅವನ ಹಿಂದೆ ನಿಂತಿದ್ದ ಇನ್ನೊಬ್ಬ ಅರ್ಜಿದಾರನನ್ನು ಮುಂದೆ ಕರೆದೆ.